ನಲವತ್ತು ಗಂಡಿಗೆ ನಲವತ್ತು ಬಾಟಲಿ

ಎಪ್ಪತ್ತೈದನೆಯ ಇಸವಿಯ ಮಾತು. ತಾಂಡೂರಿನ ಬಂಡೆಪ್ಪನ ಉದ್ಯೋಗ ನೆಲಕ್ಕೆ ಹಾಸುವ ಪರ್ಶಿ ಕಲ್ಲಿನ ವ್ಯಾಪಾರ, ಹುಚ್ಚು ಮಾತ್ರ ಫೈಟರ್ ಮೀನಿನದು. ಹೈದರಾಬಾದಿನಿಂದ ಒಂದು ಜೋಡಿ ತಂದು, ಹಿತ್ತಲಲ್ಲಿ ಪರ್ಶಿ ನಿಲ್ಲಿಸಿ ತೊಟ್ಟಿ ಕಟ್ಟಿ, ಮರಿ ಮಾಡಿಸಿದ. ಅಲ್ಲಿಯವರೆಗೆ ಹೆಂಡತಿ ಸುಂದರಬಾಯಿ ತಕರಾರು ಮಾಡಲಿಲ್ಲ. ಹಿತ್ತಲು ಗಂಡನದು, ಅಡುಗೆಮನೆ ತನ್ನದು ಎಂದು ಅವಳೇ ಗಡಿ ಹಾಕಿದ್ದಳು.

ಮರಿಗಳಿಗೆ ಎರಡು ತಿಂಗಳಾಗುತ್ತಲೇ ಗಡಿ ಮುರಿಯಿತು. ಈ ಮೀನಿನ ಗಂಡುಗಳು ಒಂದೇ ನೀರಿನಲ್ಲಿ ಬಾಳುವುದಿಲ್ಲ, ಒಂದರ ರೆಕ್ಕೆಯನ್ನು ಇನ್ನೊಂದು ಹರಿಯುತ್ತದೆ. ಒಂದೊಂದಕ್ಕೂ ಬೇರೆ ಮನೆ ಬೇಕು. ಎಣಿಸಿದರೆ ನಲವತ್ತು ಗಂಡು! ಬಂಡೆಪ್ಪ ಗುಜರಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕ ನಲವತ್ತು ಖಾಲಿ ಬ್ರಾಂಡಿ ಬಾಟಲಿಗಳನ್ನು ಚೀಲಕ್ಕೆ ತುಂಬಿ, ಸೈಕಲ್ಲಿಗೆ ಕಟ್ಟಿ, ಹಾಡುಹಗಲೇ ಗಲಗಲ ಸದ್ದು ಮಾಡುತ್ತ ತಂದ. ಹಿತ್ತಲಲ್ಲಿಟ್ಟರೆ ಬೆಕ್ಕು ಉರುಳಿಸುತ್ತದೆಂದು ಅಡುಗೆಮನೆಯ ಹಲಗೆಗಳ ಮೇಲೆ ಸಾಲಾಗಿ ಇಟ್ಟ. ಒಂದನ್ನೊಂದು ನೋಡಿದರೂ ಕೆರಳುತ್ತವೆಂದು ನಡುನಡುವೆ ರಟ್ಟಿನ ತುಂಡು ಬೇರೆ. ಸುಂದರಬಾಯಿಯ ಉಪ್ಪಿನಕಾಯಿ ಭರಣಿ, ಬೇಳೆ ಡಬ್ಬಿ ನೆಲಕ್ಕಿಳಿದವು.

"ಇವು ಎಷ್ಟು ದಿನ ಇಲ್ಲಿ ಇರ್ತಾವರಿ?"

"ಗಿರಾಕಿ ಸಿಗೋತನಕ," ಎಂದ ಬಂಡೆಪ್ಪ. ತಾಂಡೂರಿನಲ್ಲಿ ಆ ಮೀನಿಗೆ ಗಿರಾಕಿಯೇ ಇರಲಿಲ್ಲ.

ಸುಂದರಬಾಯಿಗೆ ಜಾಗಕ್ಕಿಂತ ದೊಡ್ಡ ಚಿಂತೆಯೊಂದಿತ್ತು. ಶ್ರಾವಣ ಸೋಮವಾರ ಓಣಿಯ ಮನೆಗಳಲ್ಲಿ ಸರದಿಯಂತೆ ಮಠದ ಅಯ್ಯನವರ ಪಾದಪೂಜೆ, ಎಲ್ಲರಿಗೂ ಪ್ರಸಾದ. ಆರು ವರ್ಷದ ಮೇಲೆ ಅವಳ ಪಾಳಿ ಬಂದಿತ್ತು. ಪಕ್ಕದ ಮನೆಯ ಶಕುಂತಲಾಬಾಯಿ ಬಾಟಲಿ ಬಂದದ್ದನ್ನು ನೋಡಿದ್ದಳು, ಮೀನಿನ ಸುದ್ದಿಯನ್ನೂ ಕೇಳಿದ್ದಳು. ಎರಡನ್ನೂ ಕೂಡಿಸಿ ಓಣಿಗೆ ಹಂಚಿದಳು: ಲಿಂಗ ಕಟ್ಟಿಕೊಂಡವರ ಮನೆಯಲ್ಲಿ ಮೀನೂ ನಡೆದಿದೆ, ಬ್ರಾಂಡಿಯೂ ನಡೆದಿದೆ!

ಶನಿವಾರ ಬೆಳಿಗ್ಗೆ ಅವಳ ಗಂಡ, ಓಣಿಯ ಹಿರಿಯರಾದ ಶಿವಶಂಕರಪ್ಪನವರು, ಏಳು ಜನರನ್ನು ಕಟ್ಟಿಕೊಂಡು ಬಂದು ನಿಂತರು.

"ಬಂಡೆಪ್ಪ, ಸೋಮವಾರದ ಪೂಜಾ ಈ ಮನ್ಯಾಗ ಮಾಡಾಕ ಆಗಂಗಿಲ್ಲ. ನಿನ್ನ ಅಡಗಿಮನಿ ಸುದ್ದಿ ಓಣಿಗೆಲ್ಲ ಗೊತ್ತಾಗ್ಯಾದ."

ಬಂಡೆಪ್ಪ ತಬ್ಬಿಬ್ಬಾದ. ಸುಂದರಬಾಯಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

"ಕಾಕಾ, ಕೇಳಿದ್ದು ಆತು, ಈಗ ನೋಡಿ ಹೋಗ್ರಿ," ಎಂದು ಎಲ್ಲರನ್ನೂ ಒಳಗೆ ಕರೆದು, ಎರಡು ಬಾಟಲಿಗಳ ನಡುವಿನ ರಟ್ಟನ್ನು ಎಳೆದಳು.

ಕೆಂಪು ಮೀನು ನೀಲಿಯದನ್ನು ಕಂಡು ಕಿವಿರು ಉಬ್ಬಿಸಿತು. ನೀಲಿ ಸುಮ್ಮನಿರುತ್ತದೆಯೇ? ನಡುವೆ ಗಾಜಿದ್ದರೂ ರೆಕ್ಕೆ ಹರಡಿ ಎರಗಿತು. ನ್ಯಾಯ ಹೇಳಲು ಬಂದವರು ಬಾಯಿ ತೆರೆದು ನಿಂತರು.

"ನಮ್ಮ ಕೆಂಪಂದು ಜೋರದ!" ಎಂದನೊಬ್ಬ. ಅದು ಅವನದು ಯಾವಾಗ ಆಯಿತೋ ಶಿವನೇ ಬಲ್ಲ.

ಸುಂದರಬಾಯಿಗೆ ದಾರಿ ಹೊಳೆಯಿತು. "ಒಂದು ಬಾಟ್ಲಿ ಇಡೋಷ್ಟು ಜಾಗ ಇದ್ರ ಸಾಕ್ರಿ. ಒಯ್ಯರಿ, ರೊಕ್ಕ ಬ್ಯಾಡ."

ಬಂಡೆಪ್ಪ ಬಾಯಿ ಬಿಡುವಷ್ಟರಲ್ಲಿ ಎಂಟು ಜನ ಎಂಟು ಬಾಟಲಿ ಹಿಡಿದು, ಧೋತರದ ಚುಂಗಿನಲ್ಲಿ ಮುಚ್ಚಿಕೊಂಡು ಹೊರಬಿದ್ದರು. ಸುದ್ದಿ ಹಬ್ಬಿ, ಸಂಜೆಯೊಳಗೆ ಉಳಿದ ಮೂವತ್ತೆರಡೂ ಓಣಿಯ ಮನೆಗಳನ್ನು ಸೇರಿದವು. ಮನೆಮನೆಯಲ್ಲೂ ಬ್ರಾಂಡಿ ಬಾಟಲಿ ಕೂತ ಮೇಲೆ ಬಂಡೆಪ್ಪನನ್ನು ಆಡಿಕೊಳ್ಳುವ ಬಾಯಿ ಓಣಿಯಲ್ಲಿ ಉಳಿಯಲಿಲ್ಲ.

ಸೋಮವಾರದ ಪೂಜೆ ಸುಂದರಬಾಯಿಯ ಮನೆಯಲ್ಲೇ ಸಾಂಗವಾಗಿ ನಡೆಯಿತು. ಶಕುಂತಲಾಬಾಯಿಯೂ ಬಂದು ಗೋಧಿ ಹುಗ್ಗಿಯನ್ನು ಎರಡು ಸಲ ಹಾಕಿಸಿಕೊಂಡಳು. ಊಟ ಮುಗಿದ ಮೇಲೆ ಶಿವಶಂಕರಪ್ಪನವರು ಬಂಡೆಪ್ಪನ ಕಿವಿಯಲ್ಲಿ ಪಿಸುಗುಟ್ಟಿದರು:

"ನಂದು ಒಂಟಿ ಅದ, ಪಾಪ. ಅದಕ್ಕೊಂದು ಹೆಣ್ಣು ಸಿಕ್ಕೀತೇನಪಾ?"

"ಕಾಕಾ, ಮುಂದ ಮರಿ ಆದ್ರ..." ಎಂದು ಬಂಡೆಪ್ಪ ಎಚ್ಚರಿಸಲು ಹೊರಟ.

"ಯಾಕ ಸಿಗಂಗಿಲ್ಲ ಕಾಕಾ?" ಎಂದು ಸುಂದರಬಾಯಿ ನಡುವೆಯೇ ಬಾಯಿ ಹಾಕಿ ಹಿತ್ತಲಿಗೆ ಓಡಿದಳು. ತೊಟ್ಟಿಯಲ್ಲಿ ಉಳಿದಿದ್ದ ಹೆಣ್ಣುಗಳಲ್ಲಿ ಹುಡುಕಿ ಹುಡುಕಿ, ಹೊಟ್ಟೆ ತುಂಬ ತತ್ತಿ ಇದ್ದ ಹೆಣ್ಣನ್ನೇ ಹಿಡಿದಳು. ಎರಡು ತಿಂಗಳಲ್ಲಿ ಶಕುಂತಲಾಬಾಯಿಯ ಅಡುಗೆಮನೆಗೆ ಎಷ್ಟು ಬಾಟಲಿ ಬೇಕಾಗಬಹುದೆಂದು ನೆನೆದು, ಬಹಳ ದಿನಗಳ ಮೇಲೆ ಮನಸಾರೆ ನಕ್ಕಳು.