ಅಡ್ಡಗೋಡೆಯ ಮೇಲಿನ ದೀಪ

"ಎಡಕ್ಕೆ ತಿರುಗಿಸಿ ಅಂದ್ರೆ ಬಲಕ್ಕೆ ತಿರುಗಿಸ್ತೀರಲ್ರೀ" ಎಂದು ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರು ಬೆಂಚಿನ ಆ ತುದಿಯಿಂದ ಗದರಿದರು.

"ನೀವು ಹೇಳಿದ ಕಡೆಗೆಲ್ಲ ತಿರುಗೋಕೆ ಇದೇನು ಠಾಣೆನಾ ಸ್ವಾಮಿ?" ಎಂದ ಈ ತುದಿ ಹಿಡಿದಿದ್ದ ಬಸ್ ಡ್ರೈವರ್.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಬೆಂಚು ಬಾಗಿಲಲ್ಲೇ ಸಿಕ್ಕಿಕೊಂಡಿತು. ಮೇಡಂ ಅವರ ಶವಪೆಟ್ಟಿಗೆ ಕೆಳಗೆ ಗಾಡಿಯಲ್ಲಿತ್ತು. ಅವರು ಮೂವತ್ತು ವರ್ಷ ರಾಜಕೀಯ ತತ್ವಶಾಸ್ತ್ರ ಕಲಿಸಿದ ಈ ಸಂಜೆ ಕಾಲೇಜಿನ ಕೋಣೆಯಲ್ಲಿ ಅದನ್ನು ಸ್ವಲ್ಪ ಹೊತ್ತು ಇಡಬೇಕೆಂದು ಹಳೆಯ ವಿದ್ಯಾರ್ಥಿಗಳು ಹಟ ಹಿಡಿದಿದ್ದರು. ಜಾಗ ಮಾಡುವ ಕೆಲಸ ಹಟ ಹಿಡಿದವರ ತಲೆಗೇ ಬಂದಿತ್ತು.

"ಇಬ್ಬರೂ ಒಂದೇ ಕಡೆ ತಳ್ಳಿ, ಇವತ್ತೊಂದು ದಿನ" ಎಂದಳು ವಕೀಲೆ. ಅವಳೂ ಇದೇ ಕೋಣೆಯಲ್ಲಿ ಕಲಿತವಳು. ಬೆಂಚು ಹೊರಬಂತು.

ಪೆಟ್ಟಿಗೆ ಒಳಬಂದು ಕರಿಹಲಗೆಯ ಕೆಳಗೆ ನೆಲೆಯಾಯಿತು. ಮುಚ್ಚಳ ತೆಗೆದಿದ್ದರು. ಮೇಡಂ ಅವರ ಹಣೆಯಲ್ಲಿ, ಯಾರೋ ತಪ್ಪು ಉತ್ತರ ಕೊಟ್ಟಾಗ ಮೂಡುತ್ತಿದ್ದ ಸಣ್ಣ ಗೆರೆ ಈಗಲೂ ಇತ್ತು. ದರ್ಜಿಯಾದ ಅವರ ಗಂಡ ತಾನೇ ಹೊಲಿದು ತಂದ ಬಿಳಿಯ ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದು, ಅಂಚಿನಲ್ಲಿ ಉಳಿದಿದ್ದ ದಾರವನ್ನು ಕತ್ತರಿಯಿಂದ ಕತ್ತರಿಸಿದರು. ಮಗಳು ಗೋಡೆಗೆ ಒರಗಿ ನಿಂತಿದ್ದಳು. ಅವಳ ಕಣ್ಣಲ್ಲಿ ಇನ್ನೂ ನೀರು ಬಂದಿರಲಿಲ್ಲ.

"ಮೇಡಂ ಹಾಬ್ಸ್ ಕಡೆಯವರು, ಅದರಲ್ಲಿ ಎರಡು ಮಾತಿಲ್ಲ" ಎಂದು ಇನ್ಸ್‌ಪೆಕ್ಟರು ಮೆಲ್ಲಗೆ ಶುರು ಮಾಡಿದರು. "ಮೇಲೊಬ್ಬ ಗಟ್ಟಿ ಆಳುವವನು ಇಲ್ಲದಿದ್ರೆ ಜನ ಒಬ್ಬರನ್ನೊಬ್ಬರು ತಿಂದುಹಾಕ್ತಾರೆ ಅಂತ ಅವರು ಹೇಳ್ತಿದ್ರೆ ಮೈ ಜುಮ್ಮನ್ನೋದು. ನಂಬದೇ ಇರೋರು ಹಾಗೆ ಹೇಳೋಕಾಗಲ್ಲ."

"ನೀವು ಲಾಕ್ ಪಾಠದ ದಿನ ನಿದ್ದೆ ಮಾಡಿರಬೇಕು" ಎಂದಳು ವಕೀಲೆ. "ಆಳೋರಿಗೆ ಅಧಿಕಾರ ಕೊಟ್ಟಿರೋದು ನಂಬಿಕೆ ಮೇಲೆ, ನಂಬಿಕೆ ಕೆಟ್ರೆ ವಾಪಸ್ ತಗೋಬಹುದು ಅಂತ ಹೇಳಿದಾಗ ಅವರ ಮುಖ ನೋಡಬೇಕಿತ್ತು."

"ಇಬ್ಬರಿಗೂ ಅವರು ಗೊತ್ತೇ ಇಲ್ಲ" ಎಂದ ಡ್ರೈವರ್. "ಅವರು ರೂಸೋ ಕಡೆ. ಎಲ್ಲರೂ ಸೇರಿ ಮಾಡಿಕೊಂಡ ಕಟ್ಟಳೆಗೆ ತಲೆಬಾಗೋದು ಗುಲಾಮಗಿರಿ ಅಲ್ಲ, ತನ್ನ ಮಾತನ್ನ ತಾನೇ ಕೇಳಿದ ಹಾಗೆ ಅಂತ ಅವರು ಹೇಳಿದ ಮೇಲೇ ನಾನು ಡಿಪೋದಲ್ಲಿ ಸಂಘ ಕಟ್ಟಿದ್ದು."

ವಾದ ಎಲ್ಲಿಗೂ ಮುಟ್ಟಲಿಲ್ಲ. ವಕೀಲೆ ಮಗಳ ಹತ್ತಿರ ಬಂದಳು. "ಹೊರಡೋ ಮುಂಚೆ ಮನೆಯವರ ಪರವಾಗಿ ನೀನೇ ಎರಡು ಮಾತು ಆಡಬೇಕಮ್ಮ. ಹಾಗೇ ಇದನ್ನೂ ಹೇಳಿಬಿಡು, ಅಮ್ಮ ಯಾರ ಕಡೆ ಇದ್ರು?"

"ಗೊತ್ತಿಲ್ಲ" ಎಂದಳು ಮಗಳು. "ನನ್ನ ಕಡೆಯಂತೂ ಇರಲಿಲ್ಲ. ಅಮ್ಮಂದು ಯಾವಾಗಲೂ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಅವಳ ಮನಸ್ಸು ಏನು ಅಂತಾನೇ ಗೊತ್ತಿಲ್ಲದೆ ಏನು ಅಂತ ಮಾತಾಡಲಿ? ನನ್ನಿಂದಾಗಲ್ಲ."

*

ಮೇಡಂ ಪಾಠ ಮಾಡುತ್ತಿದ್ದಾಗ ಆ ಕೋಣೆಯಲ್ಲಿ ಹಾಬ್ಸ್, ಲಾಕ್, ರೂಸೋ ಮೂವರು ಚಿಂತಕರಿಗೂ ಒಂದೊಂದು ಸಾಲು ಬೆಂಚುಗಳಿದ್ದವು. ಕುಳಿತ ಸಾಲಿನ ಪರವಾಗಿಯೇ ವಾದಿಸಬೇಕು. ವಾರಕ್ಕೊಮ್ಮೆ ಸಾಲು ಬದಲು. ಆಗ ಇನ್ನೂ ಪೇದೆಯಾಗಿದ್ದ ಇನ್ಸ್‌ಪೆಕ್ಟರು ರೂಸೋ ಸಾಲಿಗೆ ಬಂದ ದಿನ, ಮನುಷ್ಯ ಹುಟ್ಟಿನಿಂದ ಒಳ್ಳೆಯವನೆಂದು ಹೇಳುವಷ್ಟರಲ್ಲಿ ಬೆವತುಹೋಗಿದ್ದರು.

ಅದಕ್ಕಿಂತ ಕಷ್ಟದ ಕಟ್ಟಳೆ ಇನ್ನೊಂದಿತ್ತು. ಎದುರಾಳಿಯನ್ನು ಖಂಡಿಸುವ ಮುಂಚೆ ಅವನ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಬೇಕು. ಅದನ್ನು ಕೇಳಿ ಎದುರಾಳಿಯೇ "ಹೌದು, ನಾನು ಹೇಳಿದ್ದು ಇದೇ" ಎಂದು ತಲೆಯಾಡಿಸುವವರೆಗೆ ಮುಂದಿನ ಮಾತಿಲ್ಲ. ಎಷ್ಟೋ ಸಲ ಇಡೀ ತರಗತಿ ಒಬ್ಬನ ತಲೆಯನ್ನೇ ನೋಡುತ್ತ ಉಸಿರು ಬಿಗಿಹಿಡಿದು ಕೂತಿರುತ್ತಿತ್ತು. ಗಂಟೆ ಹೊಡೆದರೂ ಯಾರೂ ಏಳುತ್ತಿರಲಿಲ್ಲ.

ಮೇಡಂ ಮೂವರ ಪರವಾಗಿಯೂ ಮನಸಾರೆ ವಾದಿಸುತ್ತಿದ್ದರು. ಹೀಗಾಗಿ ಪ್ರತಿಯೊಬ್ಬರೂ ಅವರು ನಮ್ಮವರೇ ಎಂದುಕೊಂಡು ಮನೆಗೆ ಹೋದರು.

*

ಮಗಳು ಆರು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಗಂಡನ ಮನೆಯಿಂದ ಬಂದು ಅಡಿಗೆಮನೆಯಲ್ಲಿ ಕೇಳಿದ್ದಳು. "ಅಮ್ಮ, ಅವರು ಕೆಲಸ ಬಿಡು ಅಂತಾರೆ. ಎಲ್ಲಿ ಹೋದೆ, ಯಾರ ಹತ್ತಿರ ಮಾತಾಡಿದೆ, ಎಲ್ಲದಕ್ಕೂ ಲೆಕ್ಕ ಕೊಡಬೇಕು. ನಾನು ಬಿಟ್ಟು ಬಂದುಬಿಡಲಾ?"

ಮೇಡಂ ಒಲೆ ಆರಿಸಿದರು. "ಮೊದಲು ಅವನ ವಾದ ಹೇಳು. ಅವನು ಕೇಳಿದ್ರೆ ಹೌದು ಅನ್ನಬೇಕು, ಹಾಗೆ ಹೇಳು."

"ನಾನೇನು ನಿನ್ನ ಸ್ಟೂಡೆಂಟಾ?"

"ಹೇಳು ಪುಟ್ಟಿ. ಆಮೇಲೆ ನಿನ್ನದು ಹೇಳು."

"ನೀನು ಬಾ ಅಂದ್ರೆ ಬರ್ತೀನಿ, ಬೇಡ ಅಂದ್ರೆ ಇರ್ತೀನಿ. ಅಷ್ಟೇ ಕೇಳಿದ್ದು."

ಮೇಡಂ ಬಾಯಿ ತೆರೆದರು, ಮತ್ತೆ ಮುಚ್ಚಿಕೊಂಡರು. ಮಗಳು ಚಪ್ಪಲಿ ಮೆಟ್ಟಿ ಹೊರಟುಹೋದಳು. ಮಳೆಗಾಲ ಮುಗಿದ ಮೇಲೆ, ಯಾರನ್ನೂ ಕೇಳದೆ, ಎರಡು ಪೆಟ್ಟಿಗೆ ಹೊತ್ತು ತಾನಾಗಿಯೇ ವಾಪಸ್ಸು ಬಂದಳು. ಔಷಧದ ಅಂಗಡಿಯ ಕೆಲಸ ಬಿಡಲಿಲ್ಲ. ಅಮ್ಮನ ಮೇಲಿನ ಆ ಮಧ್ಯಾಹ್ನದ ಮುನಿಸನ್ನೂ ಬಿಡಲಿಲ್ಲ.

*

"ಮಾತಾಡಲ್ಲ ಅಂದೆಯಂತೆ" ಎಂದು ಅಪ್ಪ ಪಕ್ಕಕ್ಕೆ ಬಂದು ನಿಂತರು. ಕತ್ತರಿ ಇನ್ನೂ ಕೈಯಲ್ಲೇ ಇತ್ತು.

"ಅಪ್ಪ, ಅವತ್ತು ಒಂದು ಮಾತು ಅಂದಿದ್ರೆ ಸಾಕಿತ್ತು. ಬಾ ಅಂತ."

"ನೀನು ವಾಪಸ್ ಬಂದಾಗ ರೂಮಲ್ಲಿ ಹಾಸಿಗೆ ಇತ್ತಲ್ಲ, ಅದನ್ನ ಯಾವಾಗ ಹಾಕಿದ್ದು ಅಂದ್ಕೊಂಡಿದೀಯ?"

"ಫೋನ್ ಮಾಡಿದ್ನಲ್ಲ, ಹೊರಟಿದೀನಿ ಅಂತ. ನೀವು ಹಾಕಿರಬೇಕು."

"ನಾನೆಲ್ಲಿ ಹಾಕಲಿ. ನೀನು ಸಿಟ್ಟು ಮಾಡ್ಕೊಂಡು ಹೋದೆಯಲ್ಲ, ಅವತ್ತೇ ಸಂಜೆ ಅವಳ ಓದೋ ಕೋಣೆ ಖಾಲಿ ಮಾಡಿಸಿದಳು. ಪುಸ್ತಕ ಹೊತ್ತು ಹೊತ್ತು ನನ್ನ ಸೊಂಟ ಬಿದ್ದುಹೋಯ್ತು. ಆಮೇಲೆ ದಿನಾ ಊಟದ ಮೇಜಿನ ಮೇಲೇ ಓದಿದಳು, ನೀನು ಬರೋವರೆಗೂ, ಬಂದ ಮೇಲೂ."

ಮಗಳು ಅಪ್ಪನ ಮುಖವನ್ನೇ ನೋಡಿದಳು. "ಯಾಕೆ ಹೇಳಲಿಲ್ಲ?"

"ಹೇಳೋಣ ಅಂದೆ. ಬೇಡ ಅಂದಳು. ಹಾಸಿಗೆ ಹಾಕಿದೀನಿ ಅಂತ ಗೊತ್ತಾದ್ರೆ ಬಾ ಅಂದ ಹಾಗೇ ಆಗುತ್ತೆ, ಅವಳಷ್ಟಕ್ಕೆ ಅವಳು ಯೋಚನೆ ಮಾಡಲಿ ಅಂದಳು. ಬರದೇ ಇದ್ರೆ ಅಂತ ಕೇಳಿದೆ. ಬರದೇ ಇದ್ರೂ ಖಾಲಿ ಇರಲಿ ಅಂದಳು. ರಾತ್ರಿ ಮಾತ್ರ ಅತ್ತಳು."

ಆರು ವರ್ಷ ಆ ಹಾಸಿಗೆಯ ಮೇಲೆ ಮಲಗಿಯೇ ಮಗಳು ಅಮ್ಮನ ಮೇಲೆ ಮುನಿಸಿಕೊಂಡಿದ್ದಳು. ಈಗ ಕಣ್ಣೀರು ಬಂತು, ಅದರ ಜೊತೆಗೆ ಇಂಥವಳ ಹೊಟ್ಟೆಯಲ್ಲಿ ಹುಟ್ಟಿದೆನಲ್ಲ ಎಂಬ ದೊಡ್ಡ ಸಮಾಧಾನವೂ ಬಂತು. ಅವಳು ಕಣ್ಣೊರೆಸಿಕೊಂಡು ಕರಿಹಲಗೆಯ ಹತ್ತಿರ ಹೋದಳು. ಎಲ್ಲರೂ ಅವಳ ಕಡೆ ತಿರುಗಿದರು.

"ಅಮ್ಮ ಯಾರ ಕಡೆ ಅಂತ ಕೇಳಿದ್ರಿ" ಎಂದಳು. "ಮೂವರಲ್ಲಿ ಯಾರ ಕಡೆ ಅಂತ ನನಗೆ ಈಗಲೂ ಗೊತ್ತಿಲ್ಲ. ಆದ್ರೆ ಅವಳ ವಾದ ಒಂದು ನನ್ನ ಹತ್ತಿರ ಇದೆ. ಹೇಳ್ತೀನಿ."

ಆಮೇಲೆ ಜನರ ಕಡೆಗೆ ಬೆನ್ನು ಮಾಡಿ ಅಮ್ಮನ ಕಡೆಗೇ ತಿರುಗಿಕೊಂಡಳು.

"ಗಂಡ ಹೇಳಿದ ಹಾಗೆ ಕೇಳಿ ಕೇಳಿ ಸಾಕಾಗಿ ಬಂದವಳಿಗೆ, ಇನ್ನು ಮೇಲೆ ಅಮ್ಮ ಹೇಳಿದ ಹಾಗೆ ಕೇಳು ಅಂದ್ರೆ ಆಳೋರು ಬದಲಾದ್ರು ಅಷ್ಟೇ. ಅದಕ್ಕೇ ನೀನು ಬಾ ಅನ್ನಲಿಲ್ಲ, ಹೋಗು ಅಂತಾನೂ ಅನ್ನಲಿಲ್ಲ. ಅವಳು ಯಾವ ದಾರಿ ಹಿಡಿದರೂ ಅದು ಅವಳದ್ದೇ ಆಗಿರಲಿ ಅಂತ ಬಾಯಿ ಕಟ್ಟಿಕೊಂಡೆ. ಅವಳು ಬಯ್ಕೊಂಡ್ರೂ ಸಹಿಸಿಕೊಂಡೆ. ಆದ್ರೆ ಆ ದಾರಿ ಮನೆ ಕಡೆಗೇ ಬಂದ್ರೆ ಮಲಗೋಕೆ ಜಾಗ ಇರಬೇಕಲ್ಲ, ಅದಕ್ಕೆ ನಿನ್ನ ಕೋಣೆ ಕೊಟ್ಟೆ." ಅವಳು ಉಸಿರು ಎಳೆದುಕೊಂಡಳು. "ನಿನ್ನಿಂದ ನನಗೆ ತುಂಬ ಒಳ್ಳೇದಾಯ್ತಮ್ಮ. ಸರಿಯಾಗಿ ಹೇಳಿದ್ನಾ?"

ಗಾಡಿಯವನು ಬಾಗಿಲಲ್ಲಿ ತಲೆ ಹಾಕಿ "ಎತ್ತಬಹುದಾ?" ಎಂದು ಕೇಳಿದ. ಯಾರೂ ಅವನ ಕಡೆ ತಿರುಗಲಿಲ್ಲ. ಇನ್ಸ್‌ಪೆಕ್ಟರು, ವಕೀಲೆ, ಡ್ರೈವರ್, ಹಿಂದೆ ನಿಂತಿದ್ದ ನರೆತ ಕೂದಲಿನ ವಿದ್ಯಾರ್ಥಿಗಳೆಲ್ಲ ಮಗಳ ಜೊತೆಗೇ ಕತ್ತು ಮುಂದೆ ಚಾಚಿ, ಉಸಿರು ಬಿಗಿಹಿಡಿದು, ಮೇಡಂ ತಲೆಯಾಡಿಸುವುದನ್ನು ಕಾಯುತ್ತಿದ್ದರು.