ಜೇಬಿಲ್ಲದ ಪ್ಯಾಂಟು

ದಾವಣಗೆರೆಯ ನಮ್ಮ ಕಾಲೇಜಿನಲ್ಲಿ ಅಷ್ಟು ವರ್ಷ ಬ್ಯಾಸ್ಕೆಟ್‌ಬಾಲ್ ಕಲಿಸಿ ಉಚ್ಚೆಂಗಪ್ಪ ಮೇಷ್ಟ್ರು ನಿವೃತ್ತರಾದರಲ್ಲ, ಆ ದಿನ ಭಾಷಣ ಮಾಡಿದವರೆಲ್ಲ ಗೆದ್ದ ಕಪ್ಪುಗಳನ್ನೇ ಕೊಂಡಾಡಿದರು. ನನಗೆ ಮೈಯೆಲ್ಲ ಉರಿಯಿತು. ಸೋತ ಮ್ಯಾಚಿನ ಮಾತು ಒಬ್ಬರಾದರೂ ಎತ್ತಬೇಡವೇ? ನಾನಿವತ್ತು ಹರಿಹರದ ಹುಡುಗಿಯರಿಗೆ ಆಟ ಕಲಿಸುತ್ತಿರುವುದೇ ಅಂಥದ್ದೊಂದು ಮ್ಯಾಚಿನ ಪುಣ್ಯದಿಂದ.

ಆಗ ಎಪ್ಪತ್ತಾರನೇ ಇಸವಿ. ನನ್ನಪ್ಪ ಬಡೇಸಾಬ್ ದರ್ಜಿ. ಚಡ್ಡಿ ಹಾಕಿಕೊಂಡು ಆಡುವುದಾದರೆ ಆಟವೂ ಬೇಡ, ಕಾಲೇಜೂ ಬೇಡ ಎಂದುಬಿಟ್ಟಿದ್ದ. ಮೇಷ್ಟ್ರು ವಾದಕ್ಕಿಳಿಯಲಿಲ್ಲ. ಇಡೀ ಟೀಮಿಗಾಗುವ ಬಟ್ಟೆ ಹೊತ್ತು ಅಂಗಡಿಗೇ ಬಂದರು.

"ನಿಮ್ಮ ಮಗಳು ಹೆಂಗೆ ತೊಟ್ರೆ ನಿಮಗೆ ಒಪ್ಪಿಗೆ ಐತೋ, ಎಲ್ಲರಿಗೂ ಹಂಗೇ ಹೊಲೀರಿ."

ಅಪ್ಪ ಪಾದದವರೆಗಿನ ಪ್ಯಾಂಟು ಹೊಲಿದ. ಗೆಳತಿಯರು ಮುಖ ಊದಿಸಿಕೊಂಡರು. ಆದರೆ ಮೇಷ್ಟ್ರಿಗೆ ಎದುರಾಡುವ ಧೈರ್ಯ ಯಾರಿಗಿತ್ತು? ಹರಿಹರದ ಮ್ಯಾಚಿಗೆ ಅಪ್ಪನೂ ನಮ್ಮ ಜೊತೆ ಬಸ್ಸು ಹತ್ತಿದ.

"ಕಣ್ಣಾರೆ ನೋಡ್ತೀನಿ. ಸರಿ ಕಾಣ್ಲಿಲ್ಲಾಂದ್ರ ಇದೇ ಕೊನೆ," ಎಂದು ನನಗೆ ಮೊದಲೇ ಹೇಳಿದ್ದ.

ಅಲ್ಲಿ ರೆಫ್ರಿ ನಮ್ಮನ್ನು ನೋಡಿ ತಲೆ ಅಲ್ಲಾಡಿಸಿದ. ಪ್ಯಾಂಟಿನ ಉದ್ದಕ್ಕೆ ಅವನ ತಕರಾರಿರಲಿಲ್ಲ. ಗಂಡಸರ ಪ್ಯಾಂಟು ಹೊಲಿದೇ ಕೈ ಪಳಗಿದ್ದ ನಮ್ಮಪ್ಪ, ಪುಣ್ಯಾತ್ಮ, ಒಂದೊಂದಕ್ಕೂ ಎರಡೆರಡು ಜೇಬು ಇಟ್ಟಿದ್ದ. ಬೆರಳು ಸಿಕ್ಕಿಕೊಂಡರೆ ಮುರಿಯುತ್ತದೆ, ಜೇಬಿದ್ದರೆ ಆಡಿಸುವುದಿಲ್ಲ ಎಂದ ರೆಫ್ರಿ. ಎದುರು ಟೀಮಿನವರು ಪಾಪ, ತಮ್ಮ ಚಡ್ಡಿ ಕೊಡಲು ಬಂದರು. ಅಪ್ಪ ಎದ್ದು ನಿಂತ.

"ನಡಿ ಮಾಸೂಮಾ. ಸಾಕು."

ಮೇಷ್ಟ್ರು ಬಂದು ಅಪ್ಪನ ಕೈ ಹಿಡಿದರು.

"ಸೂಜಿ ಐತೇನ್ರಿ ಬಡೇಸಾಬ್ರೆ?"

ಅಪ್ಪನ ಕಾಲರಿನಲ್ಲಿ ಸೂಜಿ ಇಲ್ಲದ ದಿನವುಂಟೇ? ನಾವು ಕೋಣೆ ಸೇರಿ, ಪ್ಯಾಂಟು ಬದಲಿಸಿ ಹೊರಗೆ ಕೊಟ್ಟೆವು. ಅಪ್ಪ, ಮೇಷ್ಟ್ರು ಇಬ್ಬರೂ ಅಂಕಣದ ಪಕ್ಕದ ಮಣ್ಣಿನಲ್ಲೇ ಕೂತು ಜೇಬಿನ ಬಾಯಿ ಹೊಲಿಯತೊಡಗಿದರು. ಮೇಷ್ಟ್ರ ಕೈಕೆಲಸ ಕಂಡು ಅಪ್ಪನಿಗೆ ತಡೆಯಲಾಗಲಿಲ್ಲ.

"ಇದೇನ್ರಿ ಸಾರ್, ಗೋಣಿಚೀಲ ಹೊಲಿದಂಗೆ? ಬಿಡ್ರಿ, ನೀವು ದಾರ ಪೋಣಿಸ್ರಿ ಸಾಕು."

ಮೇಷ್ಟ್ರು ತೆಪ್ಪಗೆ ದಾರ ಪೋಣಿಸಿದರು.

ಆಡಿದೆವು, ಸೋತೆವು. ಇನ್ನು ನನ್ನ ಆಟ ಮುಗಿಯಿತೆಂದು ಅಳುತ್ತ ಬಂದೆ. ಅಪ್ಪ ನನ್ನ ಕಡೆ ನೋಡಲೇ ಇಲ್ಲ.

"ಮುಂದಿನ ಮ್ಯಾಚು ಯಾವಾಗ್ರಿ ಸಾರ್? ಜೇಬಿಲ್ದಂಗೆ ಹೊಲೀಬೇಕಲ್ಲ," ಎಂದ.

ಆಮೇಲೆ ಮಗಳನ್ನು ಆಟಕ್ಕೆ ಕಳಿಸಲೊಲ್ಲದ ಅದೆಷ್ಟೋ ಅಪ್ಪಂದಿರನ್ನು ನನ್ನಪ್ಪನೇ ಹೋಗಿ ಒಪ್ಪಿಸಿದ. ಮೇಷ್ಟ್ರ ಈ ಋಣ ನಾನು ಯಾವ ಜನ್ಮಕ್ಕೆ ತೀರಿಸಲಿ?

ನಿವೃತ್ತಿಯ ದಿನ ಭಾಷಣಗಳು ಮುಗಿದ ಮೇಲೆ ಅಪ್ಪ ವೇದಿಕೆ ಹತ್ತಿ ಮೇಷ್ಟ್ರಿಗೆಂದು ಹೊಲಿದಿದ್ದ ಪ್ಯಾಂಟು ಕೊಟ್ಟ.

"ಜೇಬು ಆಳವಾಗಿ ಇಟ್ಟೀನ್ರಿ. ಇನ್ನಾದ್ರೂ ಕೈ ಇಳಿಬಿಟ್ಕೊಂಡು ಆರಾಮ ಇರ್ರಿ."

ಮೇಷ್ಟ್ರು ಜೇಬಿಗೆ ಕೈ ಹಾಕಿ ನೋಡಿ, ಪ್ಯಾಂಟನ್ನು ಹಿಂದಕ್ಕೆ ಚಾಚಿದರು. ಅವರ ಕಣ್ಣು ತುಂಬಿತ್ತು.

"ಇದರ ಬಾಯಿನೂ ಹೊಲಿದುಬಿಡ್ರಿ ಬಡೇಸಾಬ್ರೆ. ನಾಳೆ ಹರಿಹರದಾಗೆ ಮಾಸೂಮಾನ ಹುಡುಗೇರ ಮ್ಯಾಚು ಐತೆ."