ಗಬ್ಬೂರಿನ ಕಲೇಜಿ ಪ್ಲೇಟು

ದೇವದುರ್ಗ-ರಾಯಚೂರು ಬಸ್ಸಿನ ಕಂಡಕ್ಟರ್ ವೆಂಕೋಬನಿಗೆ ಪ್ರಯಾಣಿಕರು ಹೆದರ್ತಾರ, ವೆಂಕೋಬ ಹೆಂಡತಿ ಸುಮಂಗಲಾಗೆ ಹೆದರ್ತಾನ. ಈಗ ಇನ್ನೊಂದು ಹೆದರಿಕಿ ಸೇರಿಕೊಂಡಿತ್ತು. ಪಾಯಖಾನಿಗೆ ಹೋದಾಗ ಎರಡು ಸಲ ರಕ್ತ ಕಂಡಿದ್ದ. ಜೊತಿಗಿದ್ದ ಡ್ರೈವರ್ ಪರಮಣ್ಣನೂ ಹಿಂಗೇ ಮುಚ್ಚಿಟ್ಟು, ಕರುಳಿನ ಕ್ಯಾನ್ಸರಿನಾಗ ಹೋಗಿಬಿಟ್ಟಿದ್ದ. ಅದೆಲ್ಲಾ ಗೊತ್ತಿದ್ದೂ ಇವ ಬಾಯಿ ಬಿಡಲಿಲ್ಲ. ಎಂಥಾ ಶಾಣ್ಯಾ ನೋಡ್ರಿ!

ಗಂಡ ಸೊರಗಾಕತ್ತಾನ ಅಂತ ಸುಮಂಗಲಾನೇ ರಾಯಚೂರಿನ ಡಾಕ್ಟರ್ ವಿಶಾಖಾ ಕಡೆ ಎಳಕೊಂಡು ಹೋದಳು. ಅಲ್ಲೂ ಇವ ರಕ್ತದ ಮಾತು ಎತ್ತಲಿಲ್ಲ.

"ಮಟನ್, ಆಡಿನ ಕಲೇಜಿ-ಲಿವರ್ ಭಾಳ ತಿಂತೀರೇನ್ರಿ?" ಡಾಕ್ಟರ್ ಕೇಳಿದರು. "ಅದರಾಗಿನ ಕಬ್ಬಿಣ ಎಲ್ಲಾ ಮೈಗೆ ಹತ್ತಂಗಿಲ್ಲ. ಮಿಕ್ಕಿದ್ದು ದೊಡ್ಡ ಕರುಳಿಗೆ ಇಳಿದು ಒಳಪದರ ಕೆರಳಸ್ತದ. ಜ್ವಾಳದ ರೊಟ್ಟಿ, ಕಾಳು, ಪುಂಡಿಪಲ್ಯ ಜಾಸ್ತಿ ತಿನ್ರಿ. ಮೂರು ದಿನ ಖಂಡ ಮುಟ್ಟಬ್ಯಾಡ್ರಿ, ಆಮ್ಯಾಲೆ ಮಲದ ಪರೀಕ್ಷೆ. ಮುಟ್ಟಿದ್ರ ಆ ಆಡಿನ ರಕ್ತನೇ ನಿಮ್ಮದಂತ ತೋರಸ್ತದ."

ಮನ್ಯಾಗ ಸುಮಂಗಲಾ ಕಾವಲಿದ್ದಳು. ಆದ್ರ ಬಸ್ಸು ಗಬ್ಬೂರಾಗ ನಿಲ್ತದಲ್ಲ! ಅಲ್ಲಿ ಅನ್ವರಿ ಬೇಗಂ ಹೋಟೆಲ್ ಅದ. ಬಸ್ಸಿನವರಿಗೆ ಕೇಳದೇ ಪ್ಲೇಟು ಬರೋದು ಅಲ್ಲಿಯ ರಿವಾಜು. "ಬರ್ರಿ ವೆಂಕೋಬಣ್ಣ, ಗರಮ್ ಅದ" ಅಂತ ಆಕಿ ಕಲೇಜಿ ಮುಂದಿಟ್ಟಳು. ಬ್ಯಾಡಂದ್ರ ಆಕಿ ಬೇಜಾರಾಗ್ತಾಳ. ಅದೂ ಅಲ್ದ, ತಾನೇ ಕೇಳಿ ತಿಂದದ್ದಲ್ಲ, ಲೆಕ್ಕಕ್ಕ ಬರಂಗಿಲ್ಲ ಅಂತ ನಮ್ಮ ಕಾನೂನು ಪಂಡಿತ ಪ್ಲೇಟು ಸ್ವಚ್ಛ ಮಾಡಿ ಎದ್ದ.

ಪರೀಕ್ಷೆಯೊಳಗ ರಕ್ತ ಬಂತು. ಕ್ಯಾಮೆರಾ ಇರೋ ನಳಿಗಿ ಹಾಕಿ ಒಳಗ ನೋಡಬೇಕು ಅಂದ್ರು ಡಾಕ್ಟರ್. ಸುಮಂಗಲಾ ಊಟ ಬಿಟ್ಟಳು. ವೆಂಕೋಬ ಭೇದಿ ಔಷಧ ಕುಡಿದು, ಜೀವ ಹಿಂಡಿ ಹಿಪ್ಪಿಯಾಗಿ ಆಕಿ ಜೋಡಿ ಆಸ್ಪತ್ರಿಗೆ ಬಂದ. ನಳಿಗಿ ಕಣ್ಣಿಗೆ ಬಿದ್ದಕೂಡಲೇ ಅವನ ಧೈರ್ಯ ಉಡುಗಿತು.

"ಮೇಡಂ, ನಾ ಕಲೇಜಿ ತಿಂದಿದ್ದೆ!"

ಡಾಕ್ಟರ್ ಹಣಿ ಚಚ್ಚಿಕೊಂಡರು. "ಕಣ್ಣಿಗೆ ಯಾವತ್ತಾರ ರಕ್ತ ಕಂಡದೇನ್ರಿ?"

"ಇಲ್ರೀ."

"ಹಂಗಾದ್ರ ಇವತ್ತು ಬ್ಯಾಡ. ಮಲದ ಪರೀಕ್ಷೆ ಇನ್ನೊಮ್ಮೆ ಮಾಡೋಣ."

ಸುಮಂಗಲಾ ಈಗ ಕೊಲ್ತಾಳ ಅಂದುಕೊಂಡಿದ್ದ. ಆಕಿ ನೋಡಿದ್ರ ಸೆರಗಿನಿಂದ ಕಣ್ಣು ಒರೆಸಿಕೊಂಡು ನಗಾಕತ್ತಿದ್ದಳು. "ಕಲೇಜಿ ತಿಂದೀರಿ! ಇಷ್ಟೇ ಏನ್ರಿ! ಯವ್ವಾ, ನನ್ನ ಜೀವ ಬಂತು ನೋಡ್ರಿ!" ಅಂತ ಎಲ್ಲರ ಮುಂದೇ ಅವನ ಕೈ ಹಿಡಕೊಂಡಳು.

ಬೈದಿದ್ರ ತಡಕೊಳ್ತಿದ್ದ. ಆ ನಗಿ ತಡಕೊಳ್ಳಾಕ ಆಗಲಿಲ್ಲ. ಆಕಿ ಕೈ ಹಿಡಕೊಂಡೇ ಬಾಗಿಲ ತನಕ ಹೋದವ ತಿರುಗಿ ಬಂದು ನಿಂತ.

"ಸುಳ್ಳು ಹೇಳಿದೆ ಮೇಡಂ. ರಕ್ತ ಕಂಡೀನಿ. ಕಲೇಜಿ ತಿನ್ನೋದಕ್ಕಿಂತ ಮೊದಲೇ."

ಸುಮಂಗಲಾ ಕೈ ಬಿಟ್ಟಳು.

ನಳಿಗಿ ಹಾಕಿ ನೋಡಿದಾಗ ದೊಡ್ಡ ಕರುಳಿನಾಗ ಸಣ್ಣ ಗಂಟೊಂದು ಸಿಕ್ಕಿತು. ಆ ನಳಿಗಿಯಿಂದಲೇ ಅದನ್ನ ಕತ್ತರಿಸಿ ತೆಗೆದರು. ಲ್ಯಾಬಿನ ವರದಿ ಬಂದ ದಿನ ಡಾಕ್ಟರ್ ಹೇಳಿದರು: "ಇನ್ನೂ ಕ್ಯಾನ್ಸರ್ ಆಗಿಲ್ಲ. ಹಂಗೇ ಬಿಟ್ಟಿದ್ರ ಆಗಬಹುದಿತ್ತು."

ಇಷ್ಟು ದಿನದಾಗ ಸುಮಂಗಲಾ ಒಮ್ಮೆಯೂ ಬೈದಿರಲಿಲ್ಲ. ವೆಂಕೋಬನಿಗೆ ಅದೇ ಭಾಳ ಹೆದರಿಕಿ ಆಗಿತ್ತು. ಆಸ್ಪತ್ರಿ ಮೆಟ್ಟಿಲ ಮ್ಯಾಲೆ ನಿಂತು ಕೇಳೇಬಿಟ್ಟ.

"ಒಮ್ಮೆ ಬೈದುಬಿಡು ಮಾರಾಯ್ತಿ."

"ಅವಸರ ಏನದ?" ಅಂದಳು ಸುಮಂಗಲಾ. "ಬದುಕೀರಲ್ಲ. ಬೈಯಾಕ ಇನ್ನೂ ಭಾಳ ವರ್ಷ ಅದಾವ."